ಇಲ್ಲದ ಕಾರಿನ ಜಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಮಾಡಿದವರು ಮನೆ ಮಾರಿ ನೋಡು ಅನ್ನೋದನ್ನ ಯಾಕೆ ಬಿಟ್ಟರೋ ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು.

"ಗಾದೆ ಮಾಡಿದವರು ಗಂಡಸರಲ್ವಾ ಅತ್ತೆ," ಎಂದಳು ಪರದೆಯಕ್ಕ. "ಕಟ್ಟೋದು ಅವರಿಗೆ ಗೊತ್ತು. ಮಾರೋ ಮನೇನ ಗುಡಿಸಿ ಒರೆಸಿ ತೋರಿಸೋ ಕೆಲಸ ಅವರ ಲೆಕ್ಕಕ್ಕೆ ಬಂದಿರಲ್ಲ."

ಆಗ ಅವಳು ಸ್ಟೂಲಿನ ಮೇಲೆ ನಿಂತು ಫ್ಯಾನಿನ ರೆಕ್ಕೆ ಒರೆಸುತ್ತಿದ್ದಳು. ಮೊನ್ನೆಯಷ್ಟೇ ಒರೆಸಿದ್ದ ರೆಕ್ಕೆ. ಕೆಳಗೆ ಮೇಜಿನ ಮೇಲೆ ಅರ್ಧ ಕತ್ತರಿಸಿದ ಬಟ್ಟೆ ಹಾಗೇ ಬಿದ್ದಿತ್ತು.

ಪರದೆಯಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯವರ ಕಿಟಕಿಗೆ ಒಂದು ಪರದೆ ಹೊಲಿದುಕೊಟ್ಟಿದ್ದಳು, ಪುಕ್ಕಟೆಯಾಗಿ. ಅದನ್ನು ನೋಡಿ ಎದುರು ಮನೆಯವರು, ಅವರನ್ನು ನೋಡಿ ಮೂಲೆಯ ಮನೆಯವರು. ನಾಲ್ಕನೆಯವರು ಬಂದಾಗ ಅವಳು ಕೂಲಿ ಕೇಳಿದಳು. "ಅಕ್ಕಪಕ್ಕದವರ ಹತ್ತಿರ ಕೂಲೀನಾ?" ಎಂದು ಅವರು ಹುಬ್ಬೇರಿಸಿದರು. "ಅಕ್ಕಪಕ್ಕದವರನ್ನ ಬಿಟ್ಟು ದೂರದವರ ಪರಿಚಯ ನನಗಿಲ್ಲವಲ್ಲ," ಎಂದಳು. ಕೊಟ್ಟರು. ಅಂದಿನಿಂದ ಇಂದಿನವರೆಗೆ ಆ ಮುಂದಿನ ಕೋಣೆಯಲ್ಲಿ ಮಿಷನ್ನು ನಿಂತಿದ್ದಿಲ್ಲ. ಮಗಳ ಓದು, ಮಗಳ ಮದುವೆ, ಅತ್ತೆಯ ಕಣ್ಣಿನ ಆಪರೇಷನ್ನು, ಈ ಮನೆಯ ಸಾಲದ ಕಂತಿನಲ್ಲಿ ಹೆಚ್ಚುಕಡಿಮೆ ಅರ್ಧ, ಎಲ್ಲವೂ ಆ ಸೂಜಿಯ ಕಣ್ಣಿನಲ್ಲೇ ತೂರಿ ಬಂದಿದ್ದವು. ಆದರೂ ಯಾರಾದರೂ ಕೇಳಿದರೆ ಗಂಡ ಹೇಳುತ್ತಿದ್ದುದು ಒಂದೇ ಮಾತು: "ಮನೇಲೇ ಇರ್ತಾಳೆ. ಹೊತ್ತು ಹೋಗೋಕೆ ಏನೋ ಹೊಲೀತಾಳೆ."

ಅವಳ ಕತ್ತರಿಸುವ ಮೇಜು ಒಂದು ಹಳೆಯ ಬಾಗಿಲು. ಹಿಂದೊಮ್ಮೆ ಹಿತ್ತಲ ಬಾಗಿಲು ಬದಲಾಯಿಸಿದಾಗ ಗುಜರಿಗೆ ಹೋಗಬೇಕಿದ್ದುದನ್ನು ತಡೆದು, ನಾಲ್ಕು ಕಾಲು ಹೊಡೆಸಿದ್ದಳು. ಬೀಗದ ತೂತು ಇನ್ನೂ ಹಾಗೇ ಇತ್ತು. ಸೀಮೆಸುಣ್ಣದ ತುಂಡು, ಪೆನ್ಸಿಲು ಅದರಲ್ಲಿ ನಿಲ್ಲುತ್ತಿದ್ದವು. ಕೊರಳಲ್ಲಿ ಅಳತೆ ಪಟ್ಟಿ ಸದಾ ನೇತಾಡುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ತೆಗೆಯಲು ಮರೆಯುತ್ತಾಳೆ ಎಂದು ಅತ್ತೆ ನಗುತ್ತಿದ್ದರು.

ಕೆಲಸದಲ್ಲಿ ಅವಳದು ಒಂದು ಕಟ್ಟುಪಾಡು. ಹೊಸ ಹತ್ತಿಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಅಂಗಳದ ಹಗ್ಗದ ಮೇಲೆ ಪೂರ್ತಿ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆಯೇ ಕತ್ತರಿ ಇಡಬೇಕು. "ಹೊಸ ಬಟ್ಟೆ ಹೊಸ ಅಳಿಯ ಇದ್ದ ಹಾಗೆ. ಮೊದಲನೇ ನೀರು ಬೀಳೋ ತನಕ ನಿಜವಾದ ಅಳತೆ ತೋರಿಸಲ್ಲ," ಎನ್ನುತ್ತಿದ್ದಳು. ಅಳಿಯ ಎದುರಿಗಿದ್ದಾಗ ಈ ಮಾತು ಆಡುತ್ತಿರಲಿಲ್ಲ.

ಮನೆ ಮಾರುವ ಮಾತು ಬಂದದ್ದು ಗಂಡನ ಕಾಲುನೋವಿನಿಂದ. ಅವನು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಮಾಡುವವನು. ಕಾರ್ಖಾನೆ ಊರಿನ ಆ ತುದಿಗೆ ಹೋಯಿತು. ಎರಡು ಬಸ್ಸು ಹತ್ತಿ ಇಳಿದು ಮನೆಗೆ ಬರುವ ಹೊತ್ತಿಗೆ ಅವನ ಮೊಣಕಾಲು ಊದಿ ಕುಂಬಳಕಾಯಿಯಾಗಿರುತ್ತಿತ್ತು. ಬಿಸಿನೀರಿನ ಶಾಖ ಕೊಡುವವಳೂ ಅವಳೇ ಆದ್ದರಿಂದ, ಆ ನೋವು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾರ್ಖಾನೆಯ ಹತ್ತಿರ ಹೊಸ ಫ್ಲ್ಯಾಟುಗಳು ಏಳುತ್ತಿದ್ದವು. ಇದನ್ನು ಮಾರಿ ಅಲ್ಲೊಂದು ಕೊಳ್ಳುವುದು ಎಂದಾಯಿತು.

ಮೊದಲ ಸಲ ಇಬ್ಬರೂ ನೋಡಲು ಹೋದಾಗ ಅದಕ್ಕಿನ್ನೂ ಬಾಗಿಲು ಕಿಟಕಿ ಇರಲಿಲ್ಲ. ಮೂರು ಕೋಣೆ. ಒಂದು ಅವರಿಬ್ಬರದು, ಒಂದು ಅತ್ತೆಯದು. ಮೂರನೆಯ ಕೋಣೆ ಚಿಕ್ಕದು, ಆದರೆ ಬೆಳಗಿನ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಗಂಡ ಸಿಮೆಂಟಿನ ಧೂಳಿನಲ್ಲಿ ನಿಂತು ಕೈ ಚಾಚಿ ಹೇಳಿದ್ದ: "ಇದು ನಿಂದು. ಮೇಜು, ಮಿಷನ್ನು, ಎಲ್ಲ ಇಲ್ಲಿ. ಇನ್ನು ಯಾರೂ ಬಂದು ಬಟ್ಟೆ ಸರಿಸು, ಕೂರೋಕೆ ಜಾಗ ಮಾಡು ಅನ್ನಲ್ಲ."

ಅವಳು ಕೊರಳಿನ ಪಟ್ಟಿ ತೆಗೆದು ಅಳೆದಳು. ಬಾಗಿಲ ಮೇಜು ಹಿಡಿಸುತ್ತಿತ್ತು. ಒಂದು ಪಕ್ಕದಲ್ಲಿ ಒಬ್ಬಳು ಅಡ್ಡವಾಗಿ ಹೋಗುವಷ್ಟು ಜಾಗ ಉಳಿಯುತ್ತಿತ್ತು. ಇಷ್ಟು ವರ್ಷ ಕೂಲಿಗೆ ಹೊಲಿದವಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮಾತೇ ಆಡಲಿಲ್ಲ. ಮಾತಾಡಿದರೆ ದೃಷ್ಟಿ ತಗಲೀತು ಎನ್ನುವ ಹಾಗೆ.

ಗಂಡನ ಲೆಕ್ಕ ಸರಳವಾಗಿತ್ತು. ಈ ಮನೆಗೆ ಇಷ್ಟು ಬರುತ್ತೆ, ಆ ಮನೆಗೆ ಇಷ್ಟು ಕೊಡಬೇಕು, ಸರಿಗೆ ಸರಿ. ನಡುವೆ ಮತ್ತೇನಾದರೂ ಇದ್ದೀತು ಎಂದು ಉಗ್ರಾಣದಲ್ಲಿ ಮೊಳೆ ಮೊಳೆಗೂ ಲೆಕ್ಕ ಇಡುವ ಅವನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನೀರಿಗೆ ಹಾಕದೆ ಬಟ್ಟೆ ಅಳೆದರು.

ಮೊದಲು ಬಂದವನು ದಲ್ಲಾಳಿ. ಚಪ್ಪಲಿ ಬಿಡದೆ ಮನೆಯೆಲ್ಲ ಸುತ್ತಿ, ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಕೊನೆಗೆ ಮುಂದಿನ ಕೋಣೆಯಲ್ಲಿ ನಿಂತ.

"ಅಕ್ಕಾ, ಮನೆ ಚೆನ್ನಾಗಿದೆ. ಆದ್ರೆ ಇಲ್ಲಿ ಜನ ಇದ್ದಾರೆ ಅನ್ನೋದು ಬಹಳ ಎದ್ದು ಕಾಣುತ್ತೆ."

"ಇದ್ದೀವಲ್ಲ," ಎಂದಳು.

"ಇರಿ, ಬೇಡ ಅನ್ನಲ್ಲ. ಕಾಣಬಾರದು ಅಷ್ಟೆ. ಕೊಳ್ಳೋರು ತಾವು ಇರೋ ಹಾಗೆ ಊಹಿಸ್ಕೋಬೇಕು ನೋಡಿ. ಈ ಬಟ್ಟೆ ರಾಶಿ, ದಾರ, ಚಿಂದಿ, ಇವೆಲ್ಲ ಒಳಗೆ ಹೋಗ್ಲಿ. ಅಂಗಳದ ಹಗ್ಗ ಬಿಚ್ಚಿ. ಒದ್ದೆ ಬಟ್ಟೆ ನೇತಾಡ್ತಿದ್ರೆ ಮನೆ ಬೆಲೆ ಇಳಿಯುತ್ತೆ. ಬೆಳ್ಳುಳ್ಳಿ ಹುರೀಬೇಡಿ. ಮತ್ತೆ ಅಮ್ಮಾ," ಎಂದು ಅತ್ತೆಯ ಕಡೆ ತಿರುಗಿದ, "ನೀವು ಪಾರ್ಟಿ ಬಂದಾಗ ಸ್ವಲ್ಪ ಕೆಮ್ಮದೆ ಇದ್ರೆ ಒಳ್ಳೇದು."

"ಉಸಿರಾಡಬಹುದಾ?" ಎಂದರು ಅತ್ತೆ.

ಗೋಡೆಗೆ ಬಣ್ಣ ಆಗಬೇಕು, ಬಚ್ಚಲಿನ ಒಡೆದ ಟೈಲ್ಸು ಬದಲಾಗಬೇಕು ಎಂದ. ಆಯಿತು. ಅದರ ಖರ್ಚು ಬಂದ ದಿನ ಗಂಡ ಪೆನ್ನು ಹಿಡಿದು ಕೂತು, "ಸ್ವಲ್ಪ ಹೊಂದಿಸ್ಕೋಬೇಕು. ಆ ಬೆಳಗಿನ ಬಿಸಿಲಿನ ಕಡೆಯ ಫ್ಲ್ಯಾಟ್ ಬೇಡ, ಹಿಂದಿನದು ತಗೊಳ್ಳೋಣ. ಕೋಣೆ ಮೂರೂ ಇವೆ, ನಿನ್ನದು ಸ್ವಲ್ಪ ಕತ್ತಲೆ ಅಷ್ಟೆ. ಲೈಟ್ ಹಾಕ್ಕೊಂಡ್ರಾಯ್ತು," ಎಂದ.

ಆಮೇಲೆ ಬ್ಯಾಂಕಿನವರು ಹೇಳಿದರು: ಉಳಿದ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಅದಕ್ಕೂ ಒಂದು ದಂಡ. "ಸಾಲ ತೀರಿಸದಿದ್ರೂ ದಂಡ, ತೀರಿಸಿದ್ರೂ ದಂಡವಾ?" ಎಂದು ಅತ್ತೆ ಕೆಮ್ಮಿದರು. ಆ ದಂಡಕ್ಕೆ ಅವಳ ಕೋಣೆಯ ಅಳತೆ ಇಳಿಯಿತು. ಹಿಂದಿನ ಸಾಲಿನಲ್ಲಿ ಇನ್ನೂ ಚಿಕ್ಕ ಕೋಣೆಯ ನಮೂನೆಯೊಂದಿತ್ತು, ಅದಕ್ಕೆ ಬದಲಾಯಿಸಿದರು. ಬಾಗಿಲ ಮೇಜು ಈಗ ಗೋಡೆಗೆ ಅಂಟಿಕೊಂಡೇ ನಿಲ್ಲಬೇಕು.

ದಲ್ಲಾಳಿಗೆ ನೂರಕ್ಕೆ ಎರಡು. ವಕೀಲರಿಗೆ ಒಂದಿಷ್ಟು. ತೆರಿಗೆ ಒಂದಿಷ್ಟು. ಸಾಮಾನು ಸಾಗಿಸುವ ಲಾರಿಗೆ ಒಂದಿಷ್ಟು. ಇಲ್ಲಿಂದ ಬಿಟ್ಟು ಅಲ್ಲಿ ಕಾಲಿಡುವ ನಡುವೆ ಕೆಲ ವಾರ ಬಾಡಿಗೆ ಮನೆಯಲ್ಲಿರಬೇಕಾದೀತು, ಅದಕ್ಕೊಂದಿಷ್ಟು. ಒಂದೊಂದೂ ಬೇರೆ ಬೇರೆ ದಿನ, ಬೇರೆ ಬೇರೆ ಬಾಯಿಂದ ಬಂತು. ಪ್ರತಿ ಸಲವೂ ಗಂಡ ಅವಳ ಕಡೆ ನೋಡದೆ ಮಾತು ಶುರುಮಾಡುತ್ತಿದ್ದ. ಕೊನೆಗೊಂದು ಸಂಜೆ, ಅವಳು ಅವನ ಮೊಣಕಾಲಿಗೆ ಶಾಖದ ಬಟ್ಟೆ ಇಡುತ್ತಿದ್ದಾಗ ಹೇಳಿದ.

"ಎರಡು ಕೋಣೆದೇ ತಗೋಬೇಕಾಗುತ್ತೆ ಕಣೇ."

ಅವಳ ಕೈ ನಿಂತಿತು.

"ಹಾಲ್ ದೊಡ್ಡದಿದೆ. ಒಂದು ಮೂಲೇಲಿ ಮಿಷನ್ ಇಟ್ಕೋ. ಬೇಕಾದ್ರೆ ನೀನೇ ಒಂದು ಪರದೆ ಹೊಲ್ಕೊಂಡು ಮರೆ ಮಾಡ್ಕೋ."

ತಾನು ಹೇಳಿದ್ದು ತಮಾಷೆಯಾಗಿದೆ ಅನ್ನಿಸಿ ಅವನೇ ನಕ್ಕ. ಅವಳು ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿ ಹಿಂಡಿ ಇಟ್ಟಳು. ಸ್ವಲ್ಪ ಜಾಸ್ತಿಯೇ ಬಿಸಿ ಇತ್ತು.

"ಅಯ್ಯೋ!"

"ಬಿಸಿ ಇದ್ರೇ ನೋವು ಇಳಿಯೋದು," ಎಂದಳು.

"ಮೇಜು?" ಎಂದು ಬಾಗಿಲಲ್ಲಿ ನಿಂತ ಅತ್ತೆ ಕೇಳಿದರು.

"ಮೇಜು ಎಲ್ಲಿ ಹಿಡಿಸುತ್ತಮ್ಮ. ಮಡಚೋ ಅಂಥದ್ದೊಂದು ತಗೊಂಡ್ರಾಯ್ತು."

ಅತ್ತೆ ಹಳೆಯ ಕಾಲದವರು, ಸೊಸೆಯ ಪರವಾಗಿ ಮಾತಾಡಿದರೆ ನಾಲಿಗೆ ಸವೆಯುತ್ತದೆ ಎಂದು ನಂಬಿದವರು. ಆದರೂ ಆ ದಿನ ಒಳಗೆ ಹೋಗುತ್ತಾ ಗೊಣಗಿದರು: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

ಮನೆ ತೋರಿಸುವುದು ಮಾತ್ರ ನಿಲ್ಲಲಿಲ್ಲ. ದಲ್ಲಾಳಿಯ ಫೋನು ಬಂದರೆ ಅರ್ಧ ಗಂಟೆಯಲ್ಲಿ ಪಾರ್ಟಿ ಬಾಗಿಲಲ್ಲಿ. ಅಷ್ಟರಲ್ಲಿ ಅವಳು ಮೇಜಿನ ಬಟ್ಟೆ ಸುತ್ತಿ ಮಂಚದಡಿಗೆ ತಳ್ಳಬೇಕು, ಮಿಷನ್ನಿಗೆ ಹೊದಿಕೆ ಹಾಕಬೇಕು, ಚಿಂದಿ ಗುಡಿಸಬೇಕು, ಒಲೆ ಆರಿಸಬೇಕು, ಬಚ್ಚಲು ಒರೆಸಬೇಕು, ಅತ್ತೆಗೆ ಬೇರೆ ಸೀರೆ ಉಡಿಸಬೇಕು. ಬಂದವರು ಕಪಾಟು ತೆಗೆದು ನೋಡುವರು. ಒಬ್ಬ ಅಡುಗೆಮನೆಯ ಡಬ್ಬಿಯ ಮುಚ್ಚಳ ತೆಗೆದು ಮೂಸಿದ. ಮನೆ ಕೊಳ್ಳಲು ಬಂದವನಿಗೆ ಡಬ್ಬಿಯಲ್ಲಿ ಏನು ಕೆಲಸವೋ. ಅವರು ಹೋದ ಮೇಲೆ ಎಲ್ಲವನ್ನೂ ಮತ್ತೆ ಹೊರತೆಗೆದು, ಎಲ್ಲಿ ಬಿಟ್ಟಿದ್ದೆ ಎಂದು ನೆನಪು ಮಾಡಿಕೊಂಡು ಕತ್ತರಿ ಹಿಡಿಯುವಷ್ಟರಲ್ಲಿ ಮತ್ತೆ ಫೋನು. ಗಂಡ ಮನೆಗೆ ಬಂದು, "ಇವತ್ತು ಯಾರಾದ್ರೂ ಬಂದಿದ್ರಾ?" ಎನ್ನುವನು. ಅವನು ಬರುವಾಗ ಮನೆ ಯಾವಾಗಲೂ ಅಚ್ಚುಕಟ್ಟಾಗಿಯೇ ಇರುತ್ತಿದ್ದುದರಿಂದ, ಅದು ತಾನಾಗಿಯೇ ಹಾಗಿರುತ್ತದೆ ಎಂದು ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಕೊನೆಗೆ ಗಟ್ಟಿಯಾಗಿ ಮನಸ್ಸು ಮಾಡಿದವರು ಒಂದು ಗಂಡ ಹೆಂಡತಿ. ಆತ ಗೋಡೆಯ ತೇವ ಹುಡುಕಿ ಹುಡುಕಿ ಬೆಲೆ ಇಳಿಸಿದ. ದಪ್ಪ ಕನ್ನಡಕದ ಆ ಹೆಂಗಸು ಮಾತ್ರ ಮನೆಯೆಲ್ಲ ನೋಡಿ, ಅಂಗಳದಲ್ಲಿ ಸುತ್ತ ತಿರುಗಿ, ಒಂದೇ ಒಂದು ಪ್ರಶ್ನೆ ಕೇಳಿದಳು.

"ಬಟ್ಟೆ ಎಲ್ಲಿ ಒಣಗಿಸ್ತೀರಿ?"

ಪರದೆಯಕ್ಕ ಬಾಯಿ ತೆರೆಯುವಷ್ಟರಲ್ಲಿ ದಲ್ಲಾಳಿ ಅಡ್ಡ ಬಂದ. "ಅದೆಲ್ಲ ಒಳಗೇ ಮೇಡಂ. ಅಂಗಳ ಕ್ಲೀನಾಗಿದೆ ನೋಡಿ." ಆ ಹೆಂಗಸು ಹಗ್ಗ ಕಟ್ಟುತ್ತಿದ್ದ ಕೊಕ್ಕೆಗಳನ್ನು ಒಂದು ಗಳಿಗೆ ನೋಡಿದಳು.

ಅದೇ ವಾರ ನರ್ಸಿಂಗ್ ಹೋಮಿನ ದೊಡ್ಡ ಕೆಲಸ ಬಂದಿತ್ತು. ಹಾಸಿಗೆ ಹಾಸಿಗೆಯ ನಡುವೆ ಇಳಿಬಿಡುವ ತಿಳಿಹಸಿರು ಪರದೆಗಳು. ಅಲ್ಲಿನ ಹಿರಿಯ ನರ್ಸಮ್ಮ ಹತ್ತಾರು ವರ್ಷದ ಗಿರಾಕಿ, ಕೆಲಸ ಮೆಚ್ಚಿದರೆ ಮೇಲಿನ ಮಹಡಿಯದೂ ಇವಳಿಗೇ ಎಂದಿದ್ದರು. ಬಟ್ಟೆಯ ಥಾನು ಬಂದು ಮನೆಯಲ್ಲಿ ಕೂತಿತು. ನೆನೆಸಬೇಕು. ನೆನೆಸಿದರೆ ಒಣಗಿಸಬೇಕು. ಒಣಗಿಸಲು ಹಗ್ಗ ಇಲ್ಲ. ಹಗ್ಗ ಕಟ್ಟಿದರೆ, "ಅಕ್ಕಾ, ಇವತ್ತೊಂದಿನ ತಡೀರಿ, ಪಾರ್ಟಿ ಅವರಣ್ಣನ್ನ ಕರ್ಕೊಂಡು ಬರ್ತಿದ್ದಾರೆ." ಮರುದಿನ, "ಅವರ ಮಾವನ್ನ ಕರ್ಕೊಂಡು ಬರ್ತಿದ್ದಾರೆ." ಒದ್ದೆ ಬಟ್ಟೆಯ ಅಷ್ಟುದ್ದದ ರಾಶಿಯನ್ನು ಯಾವ ಮಂಚದಡಿಗೆ ತಳ್ಳುವುದು?

ಒಂದು ರಾತ್ರಿಯೆಲ್ಲ ಯೋಚಿಸಿ, ಬೆಳಗ್ಗೆ ಎದ್ದವಳೇ ಒಣ ಬಟ್ಟೆಗೆ ಕತ್ತರಿ ಹಾಕಿದಳು. ತನ್ನ ಕಟ್ಟುಪಾಡನ್ನು ಎಂದೂ ಮುರಿಯದವಳು. ಅಂಚು ಮಡಚುವಾಗ ಒಂದಿಷ್ಟು ಹೆಚ್ಚು ಬಿಟ್ಟರೆ ಸರಿಹೋದೀತು ಎಂದುಕೊಂಡಳು. ಬಟ್ಟೆಯೇ ಒಳ್ಳೆಯ ಜಾತಿಯದು, ಅಷ್ಟೇನೂ ಕುಗ್ಗಲಾರದು ಎಂದುಕೊಂಡಳು. ತಪ್ಪು ಮಾಡುವಾಗ ಮನುಷ್ಯರು ಹೇಳಿಕೊಳ್ಳುವುದನ್ನೆಲ್ಲ ಹೇಳಿಕೊಂಡಳು. ಹೇಳಿದ ದಿನಕ್ಕೆ ಕೊಟ್ಟಳು.

ಮೊದಲ ಸಲ ಒಗೆತಕ್ಕೆ ಹೋಗಿ ಬಂದ ಮೇಲೆ ನರ್ಸಮ್ಮ ಫೋನು ಮಾಡಿದರು. ಬಯ್ಯಲಿಲ್ಲ. ಅದೇ ಕಷ್ಟವಾಯಿತು.

"ಪರದೆಯಕ್ಕ, ಗೇಣುದ್ದ ಮೇಲೆ ಹೋಗಿದೆ. ಮಂಚದ ಕೆಳಗಿನ ಪಾತ್ರೆಯೆಲ್ಲ ಕಾಣ್ತಾ ಇದೆ. ಅಲ್ಲಿ ಮಲಗಿರೋರಿಗೆ ಮರ್ಯಾದೆ ಅನ್ನೋದು ಆ ಪರದೆ ಒಂದೇ ಅಲ್ವಾ? ನಿಮ್ಮ ಕೈಲಿ ಹೀಗಾಗುತ್ತೆ ಅಂದ್ಕೊಂಡಿರಲಿಲ್ಲ."

"ನನ್ನ ಖರ್ಚಲ್ಲೇ ಮತ್ತೆ ಹೊಲಿದು ಕೊಡ್ತೀನಿ," ಎಂದಳು.

"ಅದು ಕೊಡ್ತೀರಿ, ನಂಗೊತ್ತು. ಮೇಲಿನ ಮಹಡಿಯದು ಮಾತ್ರ ಬೇರೆಯವರಿಗೆ ಹೇಳಿದ್ದಾರೆ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅನ್ನುತ್ತಾರೆ. ಇಲ್ಲಿ ಹೋದದ್ದು ಒಂದು ಗೇಣಿಗೆ. ಸಂಜೆ ಗಂಡನಿಗೆ ಹೇಳಿದಳು.

"ಛೆ, ಎಷ್ಟು ಹುಷಾರಾಗಿರ್ತಿದ್ದೆ ನೀನು," ಎಂದ ಅವನು. ನಿಜವಾಗಿಯೂ ಮರುಗಿದ. "ಬಿಡು, ವಯಸ್ಸಾಯ್ತು. ಅಲ್ಲಿಗೆ ಹೋದ ಮೇಲೆ ಈ ಹೊಲಿಗೆ ಗಿಲಿಗೆ ಕಡಿಮೆ ಮಾಡು, ಆರಾಮಾಗಿರು."

ಅಂಗಳದ ಹಗ್ಗ ಬಿಚ್ಚಿದ್ದಕ್ಕೂ ಈ ಪರದೆ ಕುಗ್ಗಿದ್ದಕ್ಕೂ ನಂಟಿದೆ ಎಂದು ಅವನಿಗೆ ಹೇಗೆ ಹೇಳುವುದು? ಮನೆ ಮಾರುವ ಖರ್ಚು ಎಂದು ಅವನು ಕೂಡಿಸುತ್ತಿದ್ದುದರಲ್ಲಿ ಅವಳು ಕಳೆದುಕೊಂಡ ಗಿರಾಕಿ ಇರಲಿಲ್ಲ. ಒಲೆ ಆರಿಸಿ ಹೊತ್ತಿಸಿದ ಸಲಗಳೂ, ಒರೆಸಿದ ಫ್ಯಾನಿನ ರೆಕ್ಕೆಗಳೂ ಇರಲಿಲ್ಲ. ಇದ್ದ ಖರ್ಚಿಗೆಲ್ಲ ಹಣ ಕೊಟ್ಟದ್ದು ಮಾತ್ರ ಅವಳ ಕೋಣೆ.

ಕರಾರಿಗೆ ಸಹಿ ಹಾಕುವ ಹಿಂದಿನ ಭಾನುವಾರ ಹೊಸ ಫ್ಲ್ಯಾಟು ನೋಡಲು ಹೋದರು. ಎರಡು ಕೋಣೆ, ಒಂದು ಹಾಲು. ಅವಳಿಗೆ ಗೊತ್ತುಮಾಡಿದ ಮೂಲೆಗೆ, ಬಾಗಿಲು ತೆರೆದರೆ ಅದು ಬಂದು ಬಡಿಯುವ ಹಾಗಿತ್ತು. ಅಳೆಯಲು ಪಟ್ಟಿಗೆ ಕೈ ಹಾಕಿದವಳು ಹಾಗೇ ಬಿಟ್ಟಳು. ಇಳಿದು ಬರುವಾಗ ಗಂಡ, "ಬಾ, ಇನ್ನೊಂದು ತೋರಿಸ್ತೀನಿ," ಎಂದು ಕಟ್ಟಡದ ಕೆಳಗಿನ ನೆಲಮಾಳಿಗೆಗೆ ಕರೆದುಕೊಂಡು ಹೋದ. ಕಂಬಗಳ ನಡುವೆ ನೆಲದ ಮೇಲೆ ಹಳದಿ ಬಣ್ಣದ ಚೌಕಗಳು. ಒಂದರೊಳಗೆ ಅವರ ಫ್ಲ್ಯಾಟಿನ ನಂಬರು, ಬಣ್ಣ ಇನ್ನೂ ಹೊಸದು.

"ಇದೇನು?"

"ಕಾರು ನಿಲ್ಲಿಸೋ ಜಾಗ. ನಮ್ಮದೇ. ಮೊದಲೇ ಬುಕ್ ಮಾಡ್ಬಿಟ್ಟಿದ್ದೆ, ಈಗ ರೇಟು ಏರಿದೆಯಂತೆ." ಅವನ ಮುಖದಲ್ಲಿ ಹೆಮ್ಮೆ ಇತ್ತು.

"ಯಾರ ಕಾರು?"

"ಈಗಲೇ ಅಂತಲ್ಲ. ಮುಂದೆ. ಅಳಿಯಂದ್ರು ಬಂದ್ರೆ ಎಲ್ಲಿ ನಿಲ್ಲಿಸ್ತಾರೆ?"

"ಅಳಿಯಂದ್ರು ಬರೋದು ಬೈಕಲ್ಲಿ."

"ಯಾವಾಗ್ಲೂ ಬೈಕಲ್ಲೇ ಬರ್ತಾರಾ? ಎಲ್ಲರೂ ತಗೊಂಡಿದ್ದಾರೆ ಕಣೇ. ತಗೊಳ್ದೆ ಇದ್ರೆ ನೋಡಿದವರು ಏನಂದ್ಕೋತಾರೆ?"

ಅವಳು ಕೊರಳಿನಿಂದ ಪಟ್ಟಿ ತೆಗೆದಳು. ಬಗ್ಗಿ ಹಳದಿ ಗೆರೆಯ ಈ ತುದಿಯಿಂದ ಆ ತುದಿಗೆ ಅಳೆದಳು. ಅಗಲ ಅಳೆದಳು. ಮೊದಲ ದಿನ ಕೈ ಚಾಚಿ ತೋರಿಸಿದ್ದ ಆ ಬಿಸಿಲಿನ ಕೋಣೆಗಿಂತ ದೊಡ್ಡದಿತ್ತು. ಚೌಕದ ಮಧ್ಯೆ ನಿಂತಳು. ಇಲ್ಲಿ ಮೇಜು. ಇಲ್ಲಿ ಮಿಷನ್ನು. ಸುತ್ತ ಓಡಾಡಲು ಎಷ್ಟು ಜಾಗ! ನೂಲಿನ ಉಂಡೆಗಳಿಗೆ ಗೂಡು ಹೊಡೆಸಬಹುದಿತ್ತು.

"ಎಷ್ಟು ಕೊಟ್ರಿ ಇದಕ್ಕೆ?"

ಅವನು ಹೇಳಿದ. ಮೂರು ಕೋಣೆಯದಕ್ಕೂ ಎರಡು ಕೋಣೆಯದಕ್ಕೂ ಇದ್ದ ವ್ಯತ್ಯಾಸದ ಬಹುಪಾಲು ಅದು.

"ಇದನ್ನ ವಾಪಸ್ ಕೊಟ್ಟು ಆ ಚಿಕ್ಕ ಕೋಣೆದು ತಗೊಳ್ಳೋಣ."

"ಬುಕ್ ಆಗಿರೋದನ್ನ ಹಾಗೆಲ್ಲ ವಾಪಸ್ ಕೊಡೋಕಾಗಲ್ಲ."

"ಕೇಳಿದ್ರಾ?"

"ಆಮೇಲೆ ನೋಡೋಣ ಬಾ. ಬಸ್ಸು ಹೋಗುತ್ತೆ."

ಆಮೇಲೆ ನೋಡೋಣ ಅನ್ನುವ ಮಾತಿಗೆ ಅವಳ ಸಂಸಾರದಲ್ಲಿ ಒಂದೇ ಅರ್ಥವಿತ್ತು.

ವಕೀಲರ ಕೋಣೆ ಇಕ್ಕಟ್ಟಾಗಿತ್ತು. ಮೇಜಿನ ಆ ಕಡೆ ವಕೀಲರು, ಈ ಕಡೆ ಕೊಳ್ಳುವವರಿಬ್ಬರು, ಗಂಡ, ಅವಳು. ಬಾಗಿಲಿಗೆ ಒರಗಿ ದಲ್ಲಾಳಿ. ಇಂದು ಕರಾರಾದರೆ ಮುಂಗಡ ಬರುತ್ತದೆ, ಮುಂಗಡ ಬಂದರೆ ನಾಳೆ ಫ್ಲ್ಯಾಟಿನ ಕಂತು ಕಟ್ಟಬಹುದು, ಕಟ್ಟದಿದ್ದರೆ ಬುಕಿಂಗೇ ರದ್ದು. ಅದಕ್ಕೇ ಗಂಡ ಬೆಳಗ್ಗೆಯಿಂದ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿರಲಿಲ್ಲ. ವಕೀಲರು ಕರಾರು ಓದಿದರು. ಕೊಳ್ಳುವವನು ಸಹಿ ಹಾಕಿದ. ಗಂಡ ಹಾಕಿದ. ಕಾಗದ ಅವಳ ಮುಂದೆ ಬಂತು. ಮನೆ ಇಬ್ಬರ ಹೆಸರಿನಲ್ಲಿತ್ತು. ಸಾಲ ತೆಗೆಯುವಾಗ ಅವನೊಬ್ಬನ ಸಂಬಳ ಸಾಲದು ಎಂದು ಬ್ಯಾಂಕಿನವರು ಅವಳ ಹೊಲಿಗೆಯ ಗಳಿಕೆಯನ್ನೂ ಸೇರಿಸಿಕೊಂಡಿದ್ದರು. ಹೊತ್ತು ಹೋಗಲು ಹೊಲಿಯುವವಳ ಸಹಿ ಅಂದು ಬೇಕಾಗಿತ್ತು. ಇಂದೂ ಬೇಕಾಗಿತ್ತು.

ಅವಳು ಪೆನ್ನು ಕೈಗೆ ತೆಗೆದುಕೊಂಡಳು. ಮುಚ್ಚಳ ತೆಗೆಯಲಿಲ್ಲ.

"ಆ ಕಾರಿನ ಜಾಗದ ವಿಷಯ ಕೇಳಿದ್ರಾ?" ಎಂದಳು ಗಂಡನಿಗೆ.

ಗಂಡ ಬೆಚ್ಚಿದ. "ಈಗ ಅದ್ಯಾಕೆ?"

"ಈಗಲ್ದೆ ಯಾವಾಗ?"

"ಸಹಿ ಹಾಕು ಮೊದಲು. ಎಲ್ಲರೂ ಕಾಯ್ತಿದ್ದಾರೆ."

"ಅವರು ಕಾಯ್ತಿರೋದು ಈಗ. ನಾನು ಮನೆ ಮಾರೋ ಮಾತು ಬಂದಾಗಿನಿಂದ ಕಾಯ್ತಿದ್ದೀನಿ."

ದಲ್ಲಾಳಿ ಮುಂದೆ ಬಂದ. "ಅಕ್ಕಾ, ಶುಭ ಕೆಲಸ. ಮನೆ ಮಾತು ಮನೇಲಿ…"

"ನೀವು ಸುಮ್ನಿರಿ. ನಿಮ್ಮ ನೂರಕ್ಕೆ ಎರಡು ಎಲ್ಲೂ ಹೋಗಲ್ಲ."

ಕೊಳ್ಳುವವನು ಗಡಿಯಾರ ನೋಡಿಕೊಂಡ. "ಇವರಿಗೆ ಮಾರೋ ಮನಸ್ಸಿಲ್ವೇನೋ," ಎಂದ, ಯಾರಿಗೂ ಅಲ್ಲದ ಹಾಗೆ. ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಗಂಡನ ಹಣೆಯಲ್ಲಿ ಬೆವರು. ಅವನು ಅವಳ ಕಡೆ ಬಾಗಿ ಪಿಸುಗುಟ್ಟಿದ. "ಮಾನ ಕಳೀಬೇಡ. ಮನೆಗೆ ಹೋಗಿ ಮಾತಾಡೋಣ."

"ಯಾವ ಮನೆಗೆ?"

ಅವಳು ದನಿ ಏರಿಸಿರಲಿಲ್ಲ. ಆದರೂ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

"ಬಣ್ಣಕ್ಕೆ ಖರ್ಚಾಯ್ತು, ನನ್ನ ಕೋಣೆಯ ಬಿಸಿಲು ಹೋಯ್ತು. ಸಾಲದ ದಂಡಕ್ಕೆ ನನ್ನ ಕೋಣೆ ಚಿಕ್ಕದಾಯ್ತು. ಉಳಿದ ಖರ್ಚಿಗೆ ಕೋಣೇನೇ ಹೋಯ್ತು. ಖರ್ಚಾಗಬಾರದು ಅಂತ ನಾನು ಹೇಳ್ತಿಲ್ಲ. ಮನೆ ಮಾರಿದ್ರೆ ಖರ್ಚಾಗುತ್ತೆ, ಬಟ್ಟೆ ಒಗೆದ್ರೆ ಕುಗ್ಗುತ್ತೆ. ಆದ್ರೆ ಎಲ್ಲ ಖರ್ಚೂ ನನ್ನ ಕೋಣೆಯಿಂದಲೇ ಯಾಕೆ ಹೋಗ್ಬೇಕು? ಇಲ್ಲದ ಕಾರಿಗೆ ಜಾಗ ಇದೆ. ಇರೋ ಮಿಷನ್ನಿಗೆ ಇಲ್ಲ."

ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು. ಅದರ ರೆಕ್ಕೆಯ ಮೇಲೆ ಬೆರಳು ದಪ್ಪ ಧೂಳು ಕೂತಿದ್ದುದನ್ನು ಅವಳ ಕಣ್ಣು ತಾನಾಗಿಯೇ ಗಮನಿಸಿತು. ಇವರು ಎದ್ದು ಹೋದರೆ? ಮುಂಗಡ ಹೋದರೆ, ಫ್ಲ್ಯಾಟು ಹೋದರೆ, ಕಟ್ಟಿದ್ದೂ ಹೋದರೆ, ಈ ಮನುಷ್ಯನ ಕಾಲು ಹೀಗೇ ಊದುತ್ತಾ ಇದ್ದರೆ? ಆ ಮಾತನ್ನು ಮುಂದೆ ಆಯುಷ್ಯವೆಲ್ಲ ಕೇಳಬೇಕಾದೀತು. ಪೆನ್ನು ಕೈಯಲ್ಲೇ ಇತ್ತು. ಆದರೂ ಮುಚ್ಚಳ ತೆಗೆಯಲಿಲ್ಲ.

"ಫ್ಲ್ಯಾಟಿನವರಿಗೆ ಫೋನು ಮಾಡಿ ಕೇಳಿ ಬನ್ನಿ," ಎಂದಳು ಗಂಡನಿಗೆ. "ಆಗಲ್ಲ ಅಂತ ಅವರು ಹೇಳ್ಲಿ. ನೀವು ಹೇಳ್ಬೇಡಿ."

"ಆ ದುಡ್ಡು ವಾಪಸ್ ಬಂದ್ರೂ ಸಾಲಲ್ಲ. ಇನ್ನೂ ಸ್ವಲ್ಪ ಬೀಳುತ್ತೆ."

"ಆ ಹಾಲಿಗೆ ಅಂತ ಅಂದ್ಕೊಂಡಿರೋ ಹೊಸ ಸೋಫಾ ಬೇಡ. ದೊಡ್ಡ ಟೀವಿ ಬೇಡ. ಹಳೇದರಲ್ಲೇ ನೋಡಿ, ಅದರಲ್ಲೂ ಇದೇ ಸುದ್ದಿ ಬರುತ್ತೆ."

ಕೊಳ್ಳುವವನು ಕುರ್ಚಿ ಹಿಂದೆ ಸರಿಸಿದ. "ನಾವು ಇನ್ನೊಂದು ಮನೆ ನೋಡಿಟ್ಟಿದ್ದೀವಿ," ಎಂದು ಏಳಲು ಹೊರಟ. ಗಂಡನ ಮುಖ ಬಿಳುಚಿತು. ಆಗ ದಪ್ಪ ಕನ್ನಡಕದ ಹೆಂಗಸು ತನ್ನ ಗಂಡನ ತೋಳು ಹಿಡಿದು ಕೂರಿಸಿದಳು.

"ಕೂತ್ಕೊಳ್ರೀ. ಆ ಮನೇಲಿ ಅಡುಗೆಮನೆಗೆ ಕಿಟಕೀನೇ ಇಲ್ಲ. ನೀವು ಅಡುಗೆ ಮಾಡ್ತೀರಾ ಅಲ್ಲಿ?" ಆಮೇಲೆ ಪರದೆಯಕ್ಕನ ಗಂಡನ ಕಡೆ ತಿರುಗಿ, "ಹೋಗಿ ಬನ್ನಿ ಅಣ್ಣ. ಕಾಯ್ತೀವಿ," ಎಂದಳು.

ಗಂಡ ಎದ್ದ. ಮೊಣಕಾಲು ಹಿಡಿದುಕೊಂಡು ಹೊರಗಿನ ಪಡಸಾಲೆಗೆ ಹೋದ. ತೆರೆದ ಬಾಗಿಲಿನಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಫೋನಿನಲ್ಲಿ ಅವನ ದನಿ ಮೊದಲು ತಗ್ಗಿತ್ತು, ಆಮೇಲೆ ಏರಿತು, ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ದಲ್ಲಾಳಿ ಎಲ್ಲರಿಗೂ ಚಹಾ ಹೇಳಿದ, ಯಾರೂ ಕುಡಿಯಲಿಲ್ಲ. ಅವಳು ಮೇಜಿನ ಅಂಚಿನ ಮೇಲೆ ಬೆರಳಿಟ್ಟು ಕೂತಿದ್ದಳು. ಅಭ್ಯಾಸಬಲದಿಂದ ಆ ಮೇಜಿನ ಅಗಲ ಅಳೆಯುತ್ತಿದ್ದಳು.

ಅವನು ಒಳಗೆ ಬಂದಾಗ ಕೂರಲಿಲ್ಲ.

"ವಾಪಸ್ ತಗೋತಾರಂತೆ," ಎಂದ. ಯಾರ ಮುಖವನ್ನೂ ನೋಡದೆ. "ರೇಟು ಏರಿದೆಯಲ್ಲ, ಅವರಿಗೂ ಲಾಭವೇ. ಚಿಕ್ಕ ಕೋಣೆಯದು ಎರಡನೇ ಮಹಡೀಲಿ ಒಂದು ಉಳಿದಿದೆ. ನಮ್ಮ ಹೆಸರಿಗೆ ಬರ್ಕೊಳ್ಳಿ ಅಂದೆ."

"ಬರೆದು ಕಳಿಸ್ತಾರಾ?"

ಅವನು ಫೋನು ಮುಂದೆ ಹಿಡಿದ. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಸಂದೇಶವನ್ನು ಪೂರ್ತಿ ಓದಿದಳು, ಎರಡು ಸಲ. ಆಮೇಲೆ ಪೆನ್ನಿನ ಮುಚ್ಚಳ ತೆಗೆದಳು.

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಒಟ್ಟಿಗೆ ಜಾಗ ಇತ್ತು. ಮನೆಗೆ ಬಂದು ಅವನು ಊಟ ಮಾಡದೆ ಮಲಗಿದ. ಅವಳೂ ಕರೆಯಲಿಲ್ಲ. ಅತ್ತೆ ಮಾತ್ರ ಸೊಸೆಯ ಮುಖ ನೋಡಿ, "ಏನಾಯ್ತೇ?" ಎಂದರು.

"ಕಾರು ಮಾರಿದ್ವಿ ಅತ್ತೆ."

"ಯಾವ ಕಾರೇ?" ಎಂದು ಅತ್ತೆ ಬಾಯಿ ಬಿಟ್ಟುಕೊಂಡು ನಿಂತರು.

ನರ್ಸಿಂಗ್ ಹೋಮಿನ ಪರದೆಗೆ ಅವಳು ತನ್ನ ದುಡ್ಡಿನಲ್ಲಿ ತಂದ ಹೊಸ ಬಟ್ಟೆ ಮೂಲೆಯಲ್ಲಿತ್ತು. ದೊಡ್ಡ ಟಬ್ಬಿನಲ್ಲಿ ನೀರು ತುಂಬಿಸಿ ನೆನೆಸಿದಳು. ಬೆಳಗ್ಗೆ ಅಟ್ಟದ ಮೇಲಿಟ್ಟಿದ್ದ ಹಗ್ಗ ಇಳಿಸಿ, ಅಂಗಳದ ಕೊಕ್ಕೆಯಿಂದ ಕೊಕ್ಕೆಗೆ ಎಳೆದು ಕಟ್ಟಿದಳು. ಒದ್ದೆ ಬಟ್ಟೆ ಕಬ್ಬಿಣದ ಹಾಗೆ ಭಾರ. ಒಂದು ತುದಿ ಹಾಕಿ ಇನ್ನೊಂದು ತುದಿ ಎತ್ತಲು ಒದ್ದಾಡುತ್ತಿದ್ದಾಗ ಹಿಂದಿನಿಂದ ಯಾರೋ ಅದನ್ನು ಹಿಡಿದರು. ಗಂಡ. ಕೆಲಸಕ್ಕೆ ಹೊರಟ ಅಂಗಿಯಲ್ಲೇ ಇದ್ದ. ಮುಖ ಇನ್ನೂ ಬಿಗಿದೇ ಇತ್ತು. ಹಿಂಡಲು ಗೊತ್ತಿಲ್ಲದೆ ತಿರುಚಿದ, ನೀರೆಲ್ಲ ಅವನ ಪ್ಯಾಂಟಿನ ಮೇಲೆ ಸುರಿಯಿತು.

"ಆ ಕಡೆಗೆ ತಿರುಗಿಸಿ," ಎಂದಳು. "ಹಾಂ, ಹಾಗೆ."

ತಿಳಿಹಸಿರು ಬಟ್ಟೆ ಅಂಗಳದ ಉದ್ದಕ್ಕೂ ಇಳಿಬಿದ್ದು ನೀರು ತೊಟ್ಟಿಕ್ಕತೊಡಗಿತು. ಒಳಗೆ ಫೋನು ಬಡಿದುಕೊಂಡಿತು. ದಲ್ಲಾಳಿ.

"ಅಕ್ಕಾ, ಪಾರ್ಟಿಯವರು ಕಪಾಟಿಗೆ ಅಳತೆ ತಗೊಳ್ಳೋಕೆ ಬರ್ತಿದ್ದಾರೆ, ಇನ್ನರ್ಧ ಗಂಟೆ. ಅಂಗಳ ಗಿಂಗಳ ಸ್ವಲ್ಪ…"

"ಬರ್ಲಿ. ಬಟ್ಟೆ ಹಾಕಿದ್ದೀನಿ."

"ಅಯ್ಯೋ ಅಕ್ಕಾ! ಒಂದು ಸ್ವಲ್ಪ ಹೊತ್ತು ತೆಗೆದಿಟ್ಟು…"

"ಇನ್ನೂ ಒಣಗಿಲ್ಲ," ಎಂದು ಫೋನಿಟ್ಟಳು.

ಅವರು ಬಂದಾಗ ದಪ್ಪ ಕನ್ನಡಕದ ಹೆಂಗಸು ಗೇಟಿನಲ್ಲೇ ನಿಂತಳು. ಗಾಳಿಗೆ ಉಬ್ಬುತ್ತಿದ್ದ ಬಟ್ಟೆಯನ್ನೂ, ಕೊಕ್ಕೆಯನ್ನೂ, ಮೇಲಿನ ಬಿಸಿಲನ್ನೂ ನೋಡಿದಳು.

"ಅದೇ ಅಂದ್ಕೊಂಡೆ," ಎಂದಳು. "ಎಷ್ಟು ಹೊತ್ತಿಗೆ ಒಣಗುತ್ತೆ ಇಲ್ಲಿ?"

"ಮಧ್ಯಾಹ್ನದೊಳಗೆ. ಹಗ್ಗ ಬೇಕಾದ್ರೆ ಬಿಟ್ಟು ಹೋಗ್ತೀನಿ," ಎಂದಳು ಪರದೆಯಕ್ಕ. ಆಮೇಲೆ ಒಂದು ಕ್ಷಣ ಯೋಚಿಸಿ ತಿದ್ದಿದಳು. "ಇಲ್ಲ, ಹಗ್ಗ ನನಗೆ ಬೇಕು. ಕೊಕ್ಕೆ ನಿಮ್ಮದು."